ಒಂದು ಮನೆ ಕೆಳಗೆ

ಕಳೆದ ಬೇಸಿಗೆಯ ಆರಂಭದಲ್ಲಿ, ಪೆರಿಯಕುಳದ ಕಡೆಯಿಂದ ಬೆಟ್ಟ ಹತ್ತಿ ಬಂದ ಅಡುಗೆಯವನು ತಲೆಯ ಮೇಲಿನ ಈರುಳ್ಳಿ ಮೂಟೆಯನ್ನು ಇಳಿಸುವ ಮೊದಲೇ ಹೇಳಿದ:

“ಅಣ್ಣೇ, ಆ ಪೆಟ್ಟಿಗೆ ಬಾರಿಸೋ ಪುಳ್ಳೆ ಇತ್ತಲ್ಲ, ದಿಂಡುಗಲ್ ಮಿಷನ್ನಿಂದು, ಅದು ಹೋಗ್ಬಿಟ್ಟದೆ. ಜ್ವರ ಅಂತೆ. ಮಾಸಿ ತಿಂಗಳಲ್ಲೇ ಆಯ್ತಂತೆ.”

ಆಮೇಲೆ, ಮೂಟೆ ಎಲ್ಲಿಡಲಿ ಎಂದು ಕೇಳಿದ. ನಾನು ಜಾಗ ತೋರಿಸಿದೆ.

ಅವನು ಪೆಟ್ಟಿಗೆ ಎಂದದ್ದು ಪಿಯಾನೋವನ್ನು, ಪುಳ್ಳೆ ಎಂದದ್ದು ಅದನ್ನು ನುಡಿಸುತ್ತಿದ್ದ ಹುಡುಗಿಯನ್ನು. ಕೊಡೈಕಾನಲ್‌ನಲ್ಲಿ ಬೇಸಿಗೆ ಕಳೆಯಲು ಬರುವ ಬಿಳಿಯ ಅಧಿಕಾರಿಗಳು, ಪಾದ್ರಿಗಳು, ತೋಟದ ದೊರೆಗಳು ಸಂಜೆ ಸೇರುವ ಒಂದು ಸಭಾಮಂದಿರವಿದೆ. ಅದನ್ನು ನೋಡಿಕೊಳ್ಳುವವನು ನಾನು. ದೀಪ, ಕುರ್ಚಿ, ಬೀಗ, ಬಾಗಿಲ ಗಂಟೆ, ಆ ಪಿಯಾನೋ, ಎಲ್ಲ ನನ್ನ ಪಾಲಿನವು. ಅವಳು ಎರಡು ಬೇಸಿಗೆ ಅಲ್ಲಿ ನುಡಿಸಿದಳು. ಒಬ್ಬಳೇ ಕೂತು ನುಡಿಸುವವಳಲ್ಲ. ಯಾರಾದರೂ ಹಾಡಿದರೆ, ಪಿಟೀಲು ಬಾರಿಸಿದರೆ, ಅವರ ಜೊತೆಗೆ ನುಡಿಸುವವಳು. ಅದೇ ಅವಳು ಕಲಿತ ವಿದ್ಯೆ. ಅದರಲ್ಲೇ ಬದುಕಬೇಕೆಂದು ಅವಳು ಮನಸ್ಸು ಮಾಡಿದ್ದಳು. ಆಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಮಿಷನ್ನಿನವರು ಇಟ್ಟ ಹೆಸರು. ತಾಯಿ ಇಟ್ಟದ್ದು ಅವಳ ನೆನಪಿನಲ್ಲಿರಲಿಲ್ಲ.

ಧಾತು ವರ್ಷದ ಬರದಲ್ಲಿ ಯಾರೋ ಅವಳನ್ನು ಕಂಬಂ ಕಣಿವೆಯ ಕಡೆಯಿಂದ ಹೊತ್ತು ತಂದು ದಿಂಡುಗಲ್ಲಿನ ಗಂಜಿ ಮನೆಯಲ್ಲಿ ಬಿಟ್ಟರಂತೆ. ಗಂಜಿ ಮನೆಯಿಂದ ಮಿಷನ್ನಿನ ಹೆಣ್ಣುಮಕ್ಕಳ ಮನೆಗೆ ಹೋದಳು. ಅಲ್ಲಿದ್ದ ಒಬ್ಬ ಬಿಳಿಯ ಅಮ್ಮ ಪಿಯಾನೋ ಬಲ್ಲವರು. ಉಳಿದ ಹುಡುಗಿಯರು ಹೊಲಿಗೆ ಕಲಿಯುತ್ತಿದ್ದಾಗ ಇವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳಂತೆ. ಆ ಅಮ್ಮ ಒಳಗೆ ಕರೆದು ಕೂರಿಸಿದರು. ಹದಿನೈದು ವರ್ಷ ಕಲಿಸಿದರು. ಮೊದಲ ಬೇಸಿಗೆಯಲ್ಲಿ ಅವಳನ್ನು ಬೆಟ್ಟಕ್ಕೆ ಕರೆತಂದವರೂ ಅವರೇ.

ನಾನು ಅವಳನ್ನು ಸರಿಯಾಗಿ ಗಮನಿಸಿದ್ದು ಒಂದು ಮಂಜಿನ ಬೆಳಿಗ್ಗೆ. ಇಲ್ಲಿಯ ಮಂಜು ಪಿಯಾನೋದ ಒಳಕ್ಕೆ ಇಳಿಯುತ್ತದೆ. ಮರ ಉಬ್ಬುತ್ತದೆ, ಶ್ರುತಿ ಕೆಡುತ್ತದೆ. ಅದಕ್ಕೆ ನಾನು ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ ಅದರ ಹತ್ತಿರ ಇಡುತ್ತಿದ್ದೆ. ಅವಳು ಅಭ್ಯಾಸ ಮಾಡುತ್ತಿದ್ದಳು. ನಡುನಡುವೆ ಕೈ ಎತ್ತಿ ಸುಮ್ಮನೆ ಕೂರುವಳು, ಹಾಡುವವರು ಅಲ್ಲಿ ಇದ್ದಾರೆ ಎಂಬಂತೆ. ಆಗ ಅವಳ ತುಟಿ ಅಲುಗುತ್ತಿತ್ತು. ನಾನು ಇದ್ದಿಲು ಊದುವುದನ್ನು ನಿಲ್ಲಿಸಿ ಕೇಳಿದೆ. ಒಂದು, ಎರಡು, ಮೂರು, ನಾಕು. ಮತ್ತೆ ಒಂದು, ಎರಡು.

ಕಂಬಂ ಕಣಿವೆಯಲ್ಲಿ ನಮ್ಮಂಥ ಕನ್ನಡದ ಒಕ್ಕಲು ಮನೆಗಳು ಬಹಳ ಕಾಲದಿಂದ ಇವೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಬರೆಯುವುದಂತೂ ತಮಿಳೇ, ಈ ಕನ್ನಡ ಅಕ್ಷರವನ್ನು ನಾನು ಬೆಂಗಳೂರು ದಂಡಿನಲ್ಲಿ ಕೆಲಸಕ್ಕಿದ್ದಾಗ ಕಲಿತೆ. ಅದುವರೆಗೆ ನಾನೂ ಅವಳೂ ತಮಿಳಿನಲ್ಲೇ ಮಾತಾಡುತ್ತಿದ್ದೆವು. ಆ ಬೆಳಿಗ್ಗೆ ನಾನು ಕನ್ನಡದಲ್ಲಿ ಕೇಳಿದೆ:

“ನೀನು ನಮ್ಮ ಕಡೆಯವಳೇನಮ್ಮಾ?”

ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ಅವಳಿಗೆ ಆಶ್ಚರ್ಯ. ತಮಿಳಿನಲ್ಲಿ ಉತ್ತರ ಕೊಟ್ಟಳು: ಯಾವ ಕಡೆ?

“ಎಣಿಸ್ತಿದ್ದೀಯಲ್ಲ. ಅದು ನಮ್ಮ ಮಾತು.”

“ನಾನು ಎಣಿಸೋದು ಹಿಂಗೇ. ಇದಕ್ಕೆ ಒಂದು ಹೆಸರಿದೆ ಅಂತ ಗೊತ್ತಿರಲಿಲ್ಲ,” ಎಂದಳು.

ಆ ದಿನದಿಂದ ನಾನು ಅವಳೊಡನೆ ಕನ್ನಡವನ್ನೇ ಆಡಿದೆ. ಅವಳು ಅರ್ಧ ತಮಿಳು ಸೇರಿಸಿ ಉತ್ತರ ಕೊಡುವಳು. ಬೇಸಿಗೆ ಮುಗಿಯುವ ಹೊತ್ತಿಗೆ ಮಾತುಗಳು ಒಂದೊಂದಾಗಿ ಅವಳ ಬಾಯಿಗೆ ಮರಳಿದ್ದವು. ಒಮ್ಮೆ ನಮ್ಮೂರಿಗೆ ಬಾ, ಹಳಬರು ಯಾರಾದರೂ ಗುರುತು ಹಿಡಿದಾರು ಎಂದೆ.

“ಹಿಡಿದು ಏನ್ ಮಾಡ್ತಾರೆ ಅಣ್ಣಾ? ಮತ ಬಿಟ್ಟವಳು ಅಂತ ಜಗುಲಿ ಮೇಲೆ ಕೂರಿಸಿ ಎಲೆ ಹಾಕ್ತಾರೆ. ಇಲ್ಲೂ ನನ್ನನ್ನ ಹೊರಗೇ ಕೂರಿಸ್ತಾರೆ. ಇಲ್ಲಾದ್ರೆ ಪಿಯಾನೋ ಐತೆ.”

ಅವಳ ನಾಲಿಗೆ ಹರಿತವಾಗಿತ್ತು. ಸಾಧು ಹುಡುಗಿ ಎಂದು ಮಿಷನ್ನಿನವರು ಹೇಳುತ್ತಿದ್ದರು. ಅವರಿಗೆ ಅವಳ ಕನ್ನಡ ಗೊತ್ತಿರಲಿಲ್ಲ. ಬೋಡಿಮೆಟ್ಟಿನ ಮೇಲಿನ ಒಬ್ಬ ತೋಟದ ದೊರೆ ಪ್ರತಿ ಬೇಸಿಗೆ ಬಂದು ಎರಡು ಹಾಡು ಹಾಡಿಯೇ ತೀರುತ್ತಿದ್ದರು. ದೊಡ್ಡ ಗಂಟಲು, ತಾಳದ ಗೊಡವೆ ಇಲ್ಲ. ಅವರಿಗೆ ನುಡಿಸಿ ಬಂದ ಮೇಲೆ ಅವಳು ಹೇಳಿದಳು:

“ಅವರು ಹಾಡೋದಲ್ಲ ಅಣ್ಣಾ, ಘಟ್ಟದಲ್ಲಿ ಗಾಡಿ ಬಿಟ್ಟ ಹಂಗೆ. ನಾನು ಕಟ್ಟಿಗೆ ತುಂಡು ಹಿಡ್ಕೊಂಡು ಪಕ್ಕದಲ್ಲೇ ಓಡ್ಬೇಕು, ಚಕ್ರಕ್ಕೆ ಅಡ್ಡ ಕೊಡೋಕೆ.”

ಆದರೆ ಅವರು ಹಾಡುವಾಗ ಕೇಳಿದ ಯಾರಿಗೂ ಗಾಡಿ ಕೈತಪ್ಪಿದ್ದು ತಿಳಿಯುತ್ತಿರಲಿಲ್ಲ. ಅವರು ಒಂದು ಸಾಲು ನುಂಗಿದರೆ ಅವಳೂ ನುಂಗುವಳು. ಅವರು ಹೆಚ್ಚು ಹೊತ್ತು ನಿಂತರೆ ಅವಳು ಅಲ್ಲಿ ನಾಲ್ಕು ಸ್ವರ ಹಾಕಿ, ಅದು ಹಾಗೇ ಇರಬೇಕಾದದ್ದು ಎಂದು ತೋರುವಂತೆ ಮಾಡುವಳು. ಕಲಿಸಿದ ಅಮ್ಮ ಅವಳಿಗೆ ಎರಡು ಮಾತು ಹೇಳಿಕೊಟ್ಟಿದ್ದರು. ಹಾಡುವವರನ್ನು ನೀನು ಕಾಪಾಡಿದ್ದು ಹಾಡುವವರಿಗೇ ತಿಳಿಯಬಾರದು. ಹಾಡುವವರ ಧ್ವನಿ ಕೇಳದ ಹಾಗೆ ನುಡಿಸಿದರೆ ನೀನು ಕಳ್ಳಿ. ಈ ಎರಡನ್ನೂ ಅವಳು ಕಲಿತ ಪಾಠ ಒಪ್ಪಿಸುವ ಹಾಗೆ ನನಗೆ ಒಪ್ಪಿಸಿದ್ದಳು.

ಬಾಗಿಲ ಗಂಟೆಯ ವಿಷಯವನ್ನೂ ಇಲ್ಲೇ ಹೇಳಬೇಕು. ಮಂದಿರಕ್ಕೆ ನಿಜವಾದ ಗಂಟೆ ಇರಲಿಲ್ಲ. ಅಮ್ಮಯನಾಯಕನೂರು ಸ್ಟೇಷನ್ನಿನಿಂದ ಯಾರೋ ತಂದ ರೈಲು ಕಂಬಿಯ ತುಂಡೊಂದನ್ನು ಸರಪಳಿಯಲ್ಲಿ ತೂಗುಹಾಕಿದ್ದರು. ಹಾಡು ಶುರುವಾಗುವ ಮುನ್ನ ನಾನು ಅದನ್ನು ಬಾರಿಸಬೇಕು. ಒಂದು ಸಲ ಬಾರಿಸಿದಾಗ ಅವಳು ಒಳಗಿನಿಂದ ಕೂಗಿದಳು, “ಇನ್ನೊಂದ್ಸಲ ಹೊಡೀರಿ.” ಹೊಡೆದೆ. ಒಳಗೆ ಪಿಯಾನೋದ ಒಂದು ಸ್ವರ ಕೇಳಿತು. ಅದೂ ಇದೂ ಒಂದೇ ಎಂದು ನನ್ನಂಥವನಿಗೂ ಗೊತ್ತಾಯಿತು.

ಪಿಯಾನೋದಲ್ಲಿ ಬೆರಳಿಡುವ ಒಂದೊಂದು ಪಟ್ಟಿಯನ್ನೂ ಅವಳು ಮನೆ ಅನ್ನುತ್ತಿದ್ದಳು: ಬಿಳಿ ಮನೆ, ಕರಿ ಮನೆ. ನನ್ನನ್ನು ಕರೆದು ತೋರಿಸಿದಳು. ನಡುವಿನ ಬೀಗದ ತೂತಿನ ನೇರಕ್ಕೆ ಎರಡು ಕರಿ ಮನೆಗಳು ಜೋಡಿಯಾಗಿವೆ. ಅದರಲ್ಲಿ ಬಲಗಡೆಯದು.

“ಇದು ನಿಮ್ಮ ಕಂಬಿ. ನಾವು ಇಲ್ಲದಾಗ ಆಗಾಗ ಇದನ್ನೂ ಅದನ್ನೂ ಹೊಡೆದು ನೋಡಿ. ಎರಡೂ ಬೇರೆ ಕೇಳಿದ್ರೆ ಪಿಯಾನೋ ಇಳಿದಿದೆ ಅಂತ. ಕಂಬಿ ಇಳಿಯಲ್ಲ.”

ಮಳೆಗಾಲವೆಲ್ಲ ನಾನು ಹಾಗೇ ನೋಡಿದೆ.

ಎರಡನೆಯ ಬೇಸಿಗೆಗೆ ಅವಳು ಒಬ್ಬಳೇ ಬಂದಳು. ಕಲಿಸಿದ ಅಮ್ಮ ಕಾಯಿಲೆ ಬಿದ್ದು ತಮ್ಮ ದೇಶಕ್ಕೆ ಹಡಗು ಹತ್ತಿದ್ದರು. ಮೊದಲ ವರ್ಷ ಆ ಅಮ್ಮ ಪಕ್ಕದಲ್ಲಿ ಕೂತಿರುತ್ತಿದ್ದರಿಂದ ಪಿಯಾನೋ ಸಭೆಗೆ ಕಾಣುವ ಹಾಗೆ ಇತ್ತು. ಈ ವರ್ಷ ಮಂದಿರದ ಕಾರ್ಯದರ್ಶಿ ನನ್ನನ್ನು ಕರೆದು, ವೇದಿಕೆಗೆ ಸ್ವಲ್ಪ ಹಸಿರು ಇದ್ದರೆ ಚೆನ್ನ ಎಂದರು. ಜರೀಗಿಡದ ಕುಂಡಗಳನ್ನು ಪಿಯಾನೋದ ಮುಂದೆ ಸಾಲಾಗಿ ಇಡಿಸಿದರು. ಸಭೆಗೆ ಹಾಡುವವರು ಕಾಣುತ್ತಿದ್ದರು, ಗಿಡ ಕಾಣುತ್ತಿತ್ತು. ಪಿಯಾನೋದ ಸ್ವರ ಎಲ್ಲಿಂದಲೋ ಬರುತ್ತಿತ್ತು.

ಅವಳು ಒಂದು ಕುಂಡವನ್ನು ಮಾತ್ರ ಒಂದು ಗೇಣು ಸರಿಸಲು ಹೇಳಿದಳು.

“ಅವರು ನನ್ನನ್ನ ನೋಡದಿದ್ರೆ ಪರವಾಯಿಲ್ಲೆ. ನನಗೆ ಹಾಡೋರ ಹೆಗಲು ಕಾಣ್ಬೇಕು.”

“ಹೆಗಲು ಯಾಕೆ?”

“ಉಸಿರು ಅಲ್ಲಿ ತಾನೆ ಏಳೋದು. ಬಾಯಿ ನೋಡಿದ್ರೆ ಹೊತ್ತಾಗೋಗಿರ್ತದೆ.”

ಪುಸ್ತಕದ ಪುಟ ತಿರುಗಿಸಲು ಪಕ್ಕದಲ್ಲಿ ಒಬ್ಬರು ಬೇಕು. ಬಿಳಿಯ ಹೆಂಗಸರು ಯಾರೂ ಗಿಡದ ಹಿಂದೆ ಬಂದು ನಿಲ್ಲಲಿಲ್ಲ. ಆ ಕೆಲಸ ನನಗೆ ಬಂತು. ಸ್ವರದ ಬರಹ ನನಗೆ ಓದಲು ಬಾರದು. ಅವಳು ಗದ್ದ ಎತ್ತಿದಾಗ ತಿರುಗಿಸಬೇಕು, ಅಷ್ಟೆ. ಮುಂದೆ ನಡೆದದ್ದನ್ನು ನಾನು ಒಂದು ಮೊಳದ ದೂರದಿಂದ ಕಂಡದ್ದು ಹೀಗೆ.

ಆ ವರ್ಷ ಮದುರೆಯ ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿ ಬೆಟ್ಟಕ್ಕೆ ಬಂದಿದ್ದರು. ದೊರೆಸಾನಿ ಎಂದೇ ನಾವೆಲ್ಲ ಕರೆಯುತ್ತಿದ್ದೆವು. ಹರೆಯದಲ್ಲಿ ತುಂಬ ಚೆನ್ನಾಗಿ ಹಾಡಿದವರಂತೆ. ಈಗ ನಲವತ್ತು ದಾಟಿತ್ತು. ಕೆಟ್ಟವರಲ್ಲ, ಅವಳ ಕೈ ಚಳಿಗೆ ಸೆಟೆದುಕೊಂಡದ್ದನ್ನು ನೋಡಿ ತಮ್ಮ ಉಣ್ಣೆಯ ಶಾಲು ಕೊಟ್ಟವರು ಅವರೇ. ಮೊದಲ ದಿನದ ಅಭ್ಯಾಸದಲ್ಲಿ ಅವರಿಗೆ ಪ್ರಿಯವಾದ ಹಾಡಿನ ಕೊನೆಯ ಪುಟದಲ್ಲಿ, ಎತ್ತರದ ಒಂದು ಸ್ವರಕ್ಕೆ ಹೋದಾಗ, ಧ್ವನಿ ಒಡೆಯಿತು. ಇನ್ನೊಮ್ಮೆ ಪ್ರಯತ್ನಿಸಿದರು. ಮತ್ತೆ ಒಡೆಯಿತು. ಪುಸ್ತಕ ಮುಚ್ಚಿ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಂತರು. ಇನ್ನು ಹಾಡುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

ಅವಳು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದಳು: ಪಿಯಾನೋಗೆ ಮಂಜು ಹಿಡಿದಿದೆ ಮೇಡಂ, ಅದಕ್ಕೇ ತಮಗೆ ಕಷ್ಟವಾಯಿತು. ನಾಳೆ ಒಣಗಿಸಿ ಇಟ್ಟಿರುತ್ತೇವೆ.

ನಾನು ಇದ್ದಿಲು ಹಾಕಿದ್ದೆ. ಆ ಬೆಳಿಗ್ಗೆಯೇ ಕಂಬಿಗೂ ಕರಿ ಮನೆಗೂ ಹೊಂದಿಸಿ ನೋಡಿದ್ದೆ. ಪಿಯಾನೋ ಸರಿಯಾಗಿಯೇ ಇತ್ತು.

ಮರುದಿನ ದೊರೆಸಾನಿ ಅದೇ ಹಾಡು ಹಾಡಿದರು. ಕೊನೆಯ ಪುಟದಲ್ಲಿ ಧ್ವನಿ ಸಲೀಸಾಗಿ ಏರಿತು, ಅಲ್ಲಿ ನಿಂತಿತು. ಹಾಡಿದವರ ಮುಖ ಹುಡುಗಿಯ ಮುಖದಂತಾಯಿತು. ಬೆಟ್ಟದ ಗಾಳಿ, ಬೆಟ್ಟದ ಗಾಳಿ ಎಂದು ಎರಡು ಸಲ ಹೇಳಿದರು. ಅವರು ಹೋದ ಮೇಲೆ ನಾನು, ಏನು ಮಾಡಿದೆ ಎಂದು ಕೇಳಿದೆ.

“ಒಂದು ಮನೆ ಕೆಳಗೆ ಇಳಿದೆ. ಹಾಡು ಪೂರ್ತಿ. ಪುಸ್ತಕದಲ್ಲಿ ಬರೆದಿರೋದು ಒಂದು, ಕೈ ನುಡಿಸೋದು ಒಂದು.”

“ಅವರಿಗೆ ಹೇಳಬಹುದಿತ್ತಲ್ಲ.”

“ಹೇಳಿದ್ರೆ ಅವರಿಗೆ ವಯಸ್ಸಾಯ್ತು ಅಂತ ಹೇಳಿದ ಹಂಗೆ. ಹಾಡ್ತಾರಾ ಆಮೇಲೆ?”

ಬೇಸಿಗೆಯೆಲ್ಲ ಹಾಗೇ ನಡೆಯಿತು. ದೊರೆಸಾನಿಯ ಎಲ್ಲ ಹಾಡುಗಳನ್ನೂ ಅವಳು ಒಂದು ಮನೆ ಕೆಳಗೆ ನುಡಿಸಿದಳು. ಕಣ್ಣು ಪುಟದ ಮೇಲೆ, ಬೆರಳು ಬೇರೆ ಕಡೆ. ಅದು ಎಷ್ಟು ಕಷ್ಟವೆಂದು ನಾನು ಬಲ್ಲೆನೆಂದು ಹೇಳಲಾರೆ. ಒಂದು ಹಾಡು ಮುಗಿದಾಗ ಆ ಚಳಿಯಲ್ಲೂ ಅವಳ ರವಿಕೆಯ ಬೆನ್ನು ಒದ್ದೆಯಾಗಿರುತ್ತಿದ್ದುದನ್ನು ಮಾತ್ರ ನೋಡಿದ್ದೇನೆ.

ದೊರೆಸಾನಿಯ ಗಂಡನಿಗೆ ಮದರಾಸಿಗೆ ವರ್ಗವಾಗುವುದಿತ್ತು. ಅಲ್ಲಿ ಹಾಡುವ ಬಿಳಿಯರ ಕೂಟಗಳಿವೆ, ಜೊತೆಗೆ ನುಡಿಸುವವರು ಸಿಗುವುದಿಲ್ಲ, ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವರೇ ಹೇಳಿದರು. ಇರಲು ಜಾಗ, ಅಭ್ಯಾಸಕ್ಕೆ ಒಳ್ಳೆಯ ಪಿಯಾನೋ, ವರ್ಷವಿಡೀ ಕೆಲಸ. ಬೇಸಿಗೆ ಕೊನೆಯ ಸಂಗೀತ ಸಂಜೆ ಮುಗಿಯಲಿ, ಎಲ್ಲರ ಎದುರು ಹೇಳುತ್ತೇನೆ ಎಂದರು. ಅತ್ತ ದಿಂಡುಗಲ್ಲಿನಲ್ಲಿ ಹೊಸದಾಗಿ ಬಂದ ಮೇಲ್ವಿಚಾರಕರು ಅವಳನ್ನು ಹೆಂಡತಿ ಸತ್ತ, ಮತ ಬೋಧಿಸುವ ಒಬ್ಬ ಉಪದೇಶಿಗೆ ಮದುವೆ ಮಾಡಿಕೊಡುವ ಮಾತಾಡುತ್ತಿದ್ದರು. ಒಪ್ಪದಿದ್ದರೆ ಹೊಲಿಗೆ ಕಲಿಸಿಕೊಂಡು ಇರಬೇಕು.

“ಮದರಾಸಾದ್ರೆ ಬೆರಳಿಗೆ ಸೂಜಿ ಚುಚ್ಚೋದಿಲ್ಲ ಅಣ್ಣಾ,” ಎಂದಳು. ಆ ವಾರ ಅವಳು ಸಂತೋಷವಾಗಿದ್ದುದನ್ನು ನಾನು ಕಂಡೆ. ಅಂಥ ದಿನಗಳು ಅವಳಿಗೆ ಹೆಚ್ಚು ಇರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಕೊನೆಯ ಸಂಜೆಗೆ ಪಿಟೀಲು ಸೇರಿಸಬೇಕೆಂದಾಯಿತು. ಮದರಾಸಿನಿಂದ ರಜೆಗೆ ಬಂದಿದ್ದ ಒಬ್ಬ ಯುವಕ ದೊರೆ ಚೆನ್ನಾಗಿ ಬಾರಿಸುತ್ತಿದ್ದ. ಅಭ್ಯಾಸಕ್ಕೆ ಅವನು ಮೊದಲು ಬಂದ. ದೊರೆಸಾನಿ ಇನ್ನೂ ಬಂದಿರಲಿಲ್ಲ. ಅವನು ಪುಸ್ತಕದಲ್ಲಿ ಇದ್ದಂತೆ ಬಾರಿಸಿದ, ಅವಳು ಒಂದು ಮನೆ ಕೆಳಗೆ ನುಡಿಸಿದಳು. ಎರಡೂ ಸೇರಿ, ಅನ್ನದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಯಿತು ಕಿವಿಗೆ. ಅವಳು ಕೈ ತೆಗೆದು, ಇದ್ದದ್ದನ್ನು ಹೇಳಿದಳು. ದಯವಿಟ್ಟು ತಾವೂ ಇಳಿಸಿಕೊಳ್ಳಬೇಕು, ಮೇಡಮ್ಮಿಗೆ ತಿಳಿಯಬಾರದು ಎಂದಳು.

ಅವನು ನಕ್ಕ. ಒಳ್ಳೆಯ ನಗುವೇ. ಪಿಟೀಲಿನ ನಾಲ್ಕು ಬಿರಡೆಗಳನ್ನೂ ಒಂದೊಂದಾಗಿ ಸಡಿಲಿಸಿ ಪಿಯಾನೋಗೆ ಸರಿಯಾಗಿ ಇಳಿಸಿಕೊಂಡ. ಯಾರಿಗೂ ಹೇಳುವುದಿಲ್ಲ ಎಂದು ಎದೆಯ ಮೇಲೆ ಕೈಯಿಟ್ಟ.

ಆ ಸಂಜೆ ಮಂದಿರ ತುಂಬಿತ್ತು. ನಾನು ಕಂಬಿ ಬಾರಿಸಿ ಬಂದು ಗಿಡದ ಹಿಂದೆ ನಿಂತೆ. ಅವಳು ಸೆರಗಿನ ಒಳಮಗ್ಗುಲಿಗೆ ಎರಡೂ ಅಂಗೈ ಒರೆಸಿಕೊಂಡಳು. ಯಾವಾಗಲೂ ಹಾಗೇ ಶುರು ಮಾಡುವುದು. ಹಾಡು ಬಹಳ ಚೆನ್ನಾಗಿ ಬಂತು. ಕೊನೆಯ ಎತ್ತರದ ಸ್ವರದಲ್ಲಿ ದೊರೆಸಾನಿ ನಿಂತಾಗ ಮುಂದಿನ ಸಾಲಿನ ಒಬ್ಬ ಮುದುಕರು ಕಣ್ಣು ಒರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ.

ಆಗ ಆ ಯುವಕ ದೊರೆ ಪಿಟೀಲಿನ ಕಮಾನನ್ನು ಎತ್ತಿ ಸಭೆಯನ್ನು ಸುಮ್ಮನಾಗಿಸಿದ. ಎಲ್ಲರನ್ನೂ ಹೊಗಳಿದ. ಆಮೇಲೆ ಗಿಡಗಳ ಕಡೆ ತಿರುಗಿ, ಇವುಗಳ ಹಿಂದೆ ಒಬ್ಬ ನಿಜವಾದ ಕಲಾವಿದೆ ಇದ್ದಾಳೆ ಎಂದ. ನಮ್ಮ ಮೇಡಮ್ಮಿಗೆ ಏಣಿ ಹತ್ತುವ ಶ್ರಮ ಬೇಡವೆಂದು ಬೇಸಿಗೆಯೆಲ್ಲ ಹಾಡನ್ನೇ ಅವರಿದ್ದ ಕಡೆಗೆ ಇಳಿಸಿ ತಂದವಳು, ನನ್ನ ಪಿಟೀಲನ್ನೂ ಇಳಿಸಿದಳು ಎಂದ. ಅವನು ಅವಳಿಗೆ ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದ. ಅದರಲ್ಲಿ ನನಗೆ ಸಂದೇಹವಿಲ್ಲ.

ಸಭೆ ನಕ್ಕಿತು. ಜೋರಾಗಿ ಅಲ್ಲ.

ದೊರೆಸಾನಿ ನಗಲಿಲ್ಲ. “ನನಗೆ ಇದು ತಿಳಿದಿರಲಿಲ್ಲ. ಹಾಗಾದರೆ ಇನ್ನೊಮ್ಮೆ ಹಾಡೋಣ. ಬರೆದಿರುವ ಹಾಗೆ,” ಎಂದರು. ಗಿಡದ ಕಡೆ ತಿರುಗಿ ಮತ್ತೆ, “ಬರೆದಿರುವ ಹಾಗೆ,” ಎಂದರು.

ಯುವಕನ ಮುಖ ಆಗ ಇಳಿಯಿತು. ಅವನು ಬಿರಡೆಗಳನ್ನು ಮತ್ತೆ ಏರಿಸಬೇಕಾಯಿತು. ಅವಳು ಸ್ವರ ಕೊಟ್ಟಳು, ಅವನು ಒಂದು ಬಿರಡೆ ತಿರುಗಿಸಿದ. ಇನ್ನೊಂದು ಸ್ವರ, ಇನ್ನೊಂದು ಬಿರಡೆ. ಇಡೀ ಮಂದಿರ ಅದನ್ನು ಕೇಳುತ್ತಾ ಕೂತಿತ್ತು. ನಾಲ್ಕನೆಯದು ಮುಗಿಯುವಾಗ ಅವಳು ಪುಟದಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು:

“ಅಣ್ಣಾ, ಕೊನೇ ಪುಟ ಬೇಗ ತಿರುಗ್ಸಿಬಿಡಿ. ನಾನು ಗದ್ದ ಎತ್ತೋಕಾಗಲ್ಲ.”

ಯಾಕೆಂದು ನನಗೆ ತಿಳಿಯಲಿಲ್ಲ. ಹಾಡು ಆ ಪುಟಕ್ಕೆ ಬಂದಾಗ ಬೇಗ ತಿರುಗಿಸಿದೆ.

ದೊರೆಸಾನಿಯ ಹೆಗಲು ಏರಿತು. ಅವಳ ಕಣ್ಣು ಆ ಹೆಗಲ ಮೇಲೇ ಇತ್ತು. ಧ್ವನಿ ಎತ್ತರಕ್ಕೆ ಹೋಯಿತು, ಒಡೆಯಿತು. ಒಣಗಿದ ಬಟ್ಟೆ ಹರಿದ ಸದ್ದು. ಅದು ಒಡೆಯುವುದಕ್ಕೂ ಅವಳ ಹತ್ತು ಬೆರಳು ಒಟ್ಟಿಗೆ ಇಳಿಯುವುದಕ್ಕೂ ನಡುವೆ ಸಂದೇ ಇರಲಿಲ್ಲ. ಪಿಯಾನೋ ಗುಡುಗಿದ ಹಾಗೆ ಕೇಳಿತು. ನಾನು ಅವಳ ಪಕ್ಕದಲ್ಲಿ ನಿಂತವನು, ನನಗೆ ಹರಿದದ್ದು ಕೇಳಿತು. ಪಿಟೀಲಿನವನಿಗೆ ಕೇಳಿರಬೇಕು. ಸಭೆಗೆ ಕೇಳಿದ್ದು ಪಿಯಾನೋ ಮಾತ್ರ.

ಹಾಡುವವರ ಧ್ವನಿ ಕೇಳದ ಹಾಗೆ ನುಡಿಸಿದರೆ ಕಳ್ಳಿ ಎಂದು ಕಲಿತವಳು ಆ ಒಂದು ಕ್ಷಣ ಬೇಕೆಂದೇ ಹಾಗೆ ನುಡಿಸಿದಳು.

ಚಪ್ಪಾಳೆ ಬಂತು, ಸ್ವಲ್ಪ. ದೊರೆಸಾನಿ ಮದರಾಸಿನ ಮಾತು ಎತ್ತಲಿಲ್ಲ. ಕೈಗವಸು ಹಾಕಿಕೊಂಡು ಹೊರಟರು. ಮುಂದಿನ ಸಾಲಿನವರು ಎದ್ದು ಹೋಗುವಾಗ ಒಬ್ಬ ಹೆಂಗಸು ಇನ್ನೊಬ್ಬರಿಗೆ ಹೇಳಿದ್ದು ಕೇಳಿಸಿತು: ಮೊದಲು ಅವಮಾನ ಮಾಡಿದಳು, ಆಮೇಲೆ ಮುಳುಗಿಸಿಯೇ ಬಿಟ್ಟಳು.

ಬೆಳಿಗ್ಗೆ ಕಾರ್ಯದರ್ಶಿಯ ಕೋಣೆಗೆ ಅವಳನ್ನು ಕರೆದರು. ನಾನು ಬಾಗಿಲಲ್ಲಿದ್ದೆ. ಗಿಡದ ಹಿಂದೆ ಕೂರಿಸಿದ್ದಕ್ಕೆ ನಿನಗೆ ಸಿಟ್ಟಿತ್ತು, ಅದನ್ನು ತೀರಿಸಿಕೊಂಡೆ ಎಂದು ಕಾರ್ಯದರ್ಶಿ ಹೇಳಿದರು. ಬೇಕೆಂದೇ ಜೋರಾಗಿ ನುಡಿಸಿದೆಯಾ ಎಂದು ಕೇಳಿದರು.

“ಹೌದು,” ಎಂದಳು.

ಯಾಕೆ ಎಂದರು. ಅವಳು ಬಾಯಿ ಬಿಡಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಧ್ವನಿ ಒಡೆದದ್ದನ್ನು ಹೇಳಬೇಕಿತ್ತು.

ನಾನು ಒಳಗೆ ಹೋಗಿ ಹೇಳಿದೆ. ದೊರೆಸಾನಿಯ ಧ್ವನಿ ಒಡೆಯಿತು, ಇವಳು ಅದನ್ನು ಮುಚ್ಚಿದಳು, ನಾನು ಹತ್ತಿರದಿಂದ ಕೇಳಿದ್ದೇನೆ ಎಂದೆ.

“ನಿನಗೆ ಸಂಗೀತ ಬರುತ್ತದೆಯೇ?”

“ಇಲ್ಲ.”

“ಮತ್ತೆ ಏನನ್ನು ಕೇಳಿದೆ?”

ದೀಪದ ಎಣ್ಣೆಯ ಲೆಕ್ಕ ತರಲು ಹೇಳಿ ನನ್ನನ್ನು ಕಳಿಸಿದರು. ಹೊರಗೆ ಬಂದ ಮೇಲೆ ಅವಳು ನನ್ನ ಮೇಲೆ ಸಿಟ್ಟಾದಳು. ಅವಳು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನೀವ್ಯಾಕೆ ಹೇಳಿದ್ರಿ? ಯಾರಿಗೂ ಕೇಳ್ಬಾರ್ದು ಅಂತ ತಾನೆ ನಾನು ಹಂಗೆ ಹೊಡೆದದ್ದು. ಈಗ ನೀವು ಕೇಳಿಸಿಬಿಟ್ರಿ.”

ಆ ದಿನವೇ ಅವಳನ್ನು ಕೆಳಗೆ ಕಳಿಸಿದರು. ದೊರೆಸಾನಿ ಕೊಟ್ಟ ಶಾಲನ್ನು ಮಡಿಸಿ ಪಿಯಾನೋದ ಮೇಲೆ ಇಟ್ಟು ಹೋದಳು. ನಾನು ಅದನ್ನು ಅವರ ಬಂಗಲೆಗೆ ತಲುಪಿಸಿದೆ.

ಮಳೆ ಕಳೆದ ಮೇಲೆ ಮದರಾಸಿನಿಂದ ಪಿಯಾನೋ ಶ್ರುತಿ ಮಾಡುವವನು ಬಂದ. ಎರಡು ದಿನ ತಂತಿಗಳನ್ನು ತಿರುಗಿಸಿದ. ಅವನು ಹೋದ ಮೇಲೆ ನಾನು ಅಭ್ಯಾಸದಂತೆ ಕಂಬಿ ಹೊಡೆದು, ಓಡಿ ಬಂದು, ಜೋಡಿಯಲ್ಲಿ ಬಲಗಡೆಯ ಕರಿ ಮನೆಯನ್ನು ಒತ್ತಿದೆ. ಬೇರೆಯಾಗಿ ಕೇಳಿತು. ಮತ್ತೆ ಹೊಡೆದೆ, ಮತ್ತೆ ಒತ್ತಿದೆ. ಕೊನೆಗೆ ಅದರ ಬಲಕ್ಕಿರುವ ಬಿಳಿ ಮನೆ ಒತ್ತಿದೆ. ಅದೂ ಕಂಬಿಯೂ ಒಂದಾಯಿತು. ಇಡೀ ಪಿಯಾನೋವನ್ನು ಒಂದು ಮನೆ ಕೆಳಗೆ ಇಳಿಸಿದ್ದರು. ಕಾರ್ಯದರ್ಶಿಯನ್ನು ಕೇಳಿದಾಗ, ಇಲ್ಲಿಯ ಪಿಯಾನೋದ ಶ್ರುತಿ ಮೊದಲಿಂದಲೂ ಎತ್ತರವಾಗಿತ್ತು, ಹಾಡುವವರಿಗೆ ತೊಂದರೆಯಾಗುತ್ತಿದೆ ಎಂದು ದೊರೆಸಾನಿಯವರು ಸಲಹೆ ಮಾಡಿದರು ಎಂದರು. ಅವರು ಅದನ್ನು ನಂಬಿಯೇ ಹೇಳಿದರು.

ಆಮೇಲೆ ಪಿಯಾನೋಗೆ ಬೀಗ ಬೇಕು ಎಂದಾಯಿತು. ಸಿಕ್ಕವರೆಲ್ಲ ಮುಟ್ಟಬಾರದಂತೆ. ಅದರ ಸ್ವಂತ ಬೀಗದ ಕೈ ಯಾವತ್ತೋ ಕಳೆದಿತ್ತು. ಹೊರಗೆ ಕೊಂಡಿ ಹೊಡೆಸಿ ಒಳ್ಳೆಯ ದಿಂಡುಗಲ್ ಬೀಗ ಹಾಕಲು, ಅದನ್ನು ತರಲು ನನ್ನನ್ನೇ ಕಳಿಸಿದರು.

ದಿಂಡುಗಲ್ಲಿನಲ್ಲಿ ಅವಳನ್ನು ನೋಡಲು ಹೋದೆ. ಹೊಲಿಗೆ ಮನೆಯ ಜಗುಲಿಯಲ್ಲಿ ಚಿಕ್ಕ ಹುಡುಗಿಯರಿಗೆ ಅಂಚು ಹೊಲಿಯುವುದನ್ನು ತೋರಿಸುತ್ತಿದ್ದಳು. ಉಪದೇಶಿಯನ್ನು ಒಪ್ಪಿರಲಿಲ್ಲ. ಅಲ್ಲಿದ್ದ ಪಿಯಾನೋ ಕಲಿಸಿದ ಅಮ್ಮನ ಸ್ವಂತದ್ದಾಗಿತ್ತಂತೆ, ಮಾರಿಬಿಟ್ಟಿದ್ದರು. ಪ್ರಾರ್ಥನೆಗೆ ಕಾಲಿನಲ್ಲಿ ತುಳಿಯುವ ತಿದಿಯ ಪೆಟ್ಟಿಗೆಯೊಂದು ಇತ್ತು, ಅದನ್ನು ಉಪದೇಶಿಯ ತಂಗಿ ನುಡಿಸುತ್ತಿದ್ದಳು. ಇವಳ ಎಡಗೈಯ ಬೆರಳ ತುದಿಗಳಲ್ಲಿ ಸೂಜಿಯ ಕಪ್ಪು ಚುಕ್ಕೆಗಳಿದ್ದವು. ಅವಳು ಅದನ್ನು ಮುಚ್ಚಿಟ್ಟುಕೊಳ್ಳಲಿಲ್ಲ.

“ಏನಣ್ಣಾ, ಇಷ್ಟು ದೂರ?”

ಬೀಗಕ್ಕೆ ಬಂದೆ ಎಂದೆ. ಯಾವುದಕ್ಕೆ ಎಂದಳು. ಹೇಳಬೇಕಾಯಿತು. ಶ್ರುತಿ ಇಳಿಸಿದ್ದನ್ನೂ ಹೇಳಿದೆ.

ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. “ಎಷ್ಟು ಇಳಿಸಿದ್ದಾರೆ?”

“ಕಂಬಿ ಈಗ ಕರಿಯದಕ್ಕೆ ಕೂಡಲ್ಲ. ಪಕ್ಕದ ಬಿಳಿಯದಕ್ಕೆ ಕೂಡ್ತದೆ.”

ಅವಳು ಲೆಕ್ಕ ಹಾಕಬೇಕಾಗಿರಲಿಲ್ಲ. “ಹಂಗಾದ್ರೆ ಈಗ ಪುಸ್ತಕದಲ್ಲಿ ಬರೆದ ಹಾಗೇ ನುಡಿಸಿದ್ರೆ ಸಾಕು.”

“ಹೂಂ.”

“ಯಾರು ಬೇಕಾದ್ರೂ ನುಡಿಸ್ಬಹುದು,” ಎಂದಳು. ಆಮೇಲೆ ಸ್ವಲ್ಪ ನಕ್ಕು, “ಬೀಗ ಒಳ್ಳೇದು ತಗೊಳ್ಳಿ. ಮಾಮರದ ಎದುರಿಗಿರೋ ಅಂಗಡೀಲಿ. ಕೋಟೆ ಕಡೆ ಬೀದೀಲಿ ಮೋಸ,” ಎಂದಳು.

ನಾನು ಅವಳನ್ನು ನೋಡಿದ್ದು ಅದೇ ಕೊನೆ. ಅವಳು ಹೇಳಿದ ಅಂಗಡಿಯಲ್ಲೇ ತೆಗೆದುಕೊಂಡೆ. ಆ ಬೀಗ ಈಗಲೂ ಚೆನ್ನಾಗಿದೆ.

ಕಳೆದ ಬೇಸಿಗೆಯಲ್ಲಿ ದೊರೆಸಾನಿ ಮದರಾಸಿನಿಂದ ಮತ್ತೆ ಬಂದರು. ಒಬ್ಬ ಪಾದ್ರಿಯ ಹೆಂಡತಿ ಜೊತೆಗೆ ನುಡಿಸಿದರು. ಜರೀಗಿಡದ ಕುಂಡಗಳನ್ನು ತೆಗೆಸಿದ್ದರು. ಅದೇ ಹಾಡು, ಎತ್ತರದ ಸ್ವರ ಸಲೀಸಾಗಿ ಬಂತು. ಹಾಡು ಮುಗಿದ ಮೇಲೆ ದೊರೆಸಾನಿ ಸಭೆಗೆ ಹೇಳಿದರು: ಧ್ವನಿ ಹೋಯಿತು ಎಂದುಕೊಂಡಿದ್ದೆ, ತಪ್ಪು ನನ್ನದಾಗಿರಲಿಲ್ಲ. ಅಡುಗೆಯವನು ಆ ಸುದ್ದಿ ತಂದು ಆಗ ವಾರವೂ ಆಗಿರಲಿಲ್ಲ. ನಾನು ಹೋಗಿ ಅವರಿಗೆ ಅವಳು ತೀರಿಹೋದಳು ಎಂದೆ. ಯಾರು ಎಂದು ಕೇಳಿದರು. ಹೇಳಿದೆ. ಅಯ್ಯೋ ಪಾಪ ಎಂದರು. ನಿಜವಾಗಿಯೇ ಅಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಕಂಬಿಯನ್ನು ನೋಡಿ, ಇದನ್ನು ಬದಲಿಸಬಾರದೇ ಎಂದು ಕಾರ್ಯದರ್ಶಿಯನ್ನು ಕೇಳಿದರು. ಇದರ ಸದ್ದು ಅಪಸ್ವರ, ಪಿಯಾನೋಗೆ ಹೊಂದುವುದಿಲ್ಲ, ಹಾಡುವ ಮುನ್ನ ಕೇಳಿದರೆ ಕಿವಿ ಕೆಡುತ್ತದೆ.

ಬೇಸಿಗೆ ಮುಗಿಯುವ ಮೊದಲು ಹಿತ್ತಾಳೆಯ ಗಂಟೆ ಬಂತು. ಕಂಬಿಯನ್ನು ಗುಜರಿಗೆ ಹಾಕಲು ಹೇಳಿದರು. ನಾನು ಅದನ್ನು ಕೇಳಿ ಪಡೆದು, ಕಣಿವೆಗೆ ಇಳಿಯುವಾಗ ಹೋರಿಯ ಬೆನ್ನ ಮೇಲೆ ಹೇರಿಕೊಂಡು ಬಂದೆ. ಈಗ ನಮ್ಮ ಕೊಟ್ಟಿಗೆಯ ತೊಲೆಗೆ ತೂಗುಹಾಕಿದ್ದೇನೆ. ಊರಿಗೆ ಬಂದಾಗಲೆಲ್ಲ, ಸಂಜೆ ದನ ಮನೆಗೆ ಬರುವ ಹೊತ್ತಿಗೆ ಒಂದು ಸಲ ಹೊಡೆಯುತ್ತೇನೆ. ಮನೆಯವರು ಯಾಕೆಂದು ಕೇಳುತ್ತಾರೆ; ದನಕ್ಕೆ ಎಂದು ಹೇಳಿದ್ದೇನೆ.

ಕಂಬಿ ಇಳಿದಿಲ್ಲ.